ಹನ್ನೊಂದು ಗಾಡಿಯ ಲೆಕ್ಕ

2022ರ ನವೆಂಬರಿನಲ್ಲಿ ದಾವಣಗೆರೆಯ ಹೊರವಲಯದ ಗೋದಾಮೊಂದರಲ್ಲಿ ಮೆಕ್ಕೆಜೋಳದ ತೇವಾಂಶ ನೋಡುವುದು ನನ್ನ ಕೆಲಸವಾಗಿತ್ತು. ಖರೀದಿ ಮೇಲ್ವಿಚಾರಕರ ಹುದ್ದೆ ಖಾಲಿಯಾಗಿ, ಅದರ ಮೇಲೆ ಕಣ್ಣಿಟ್ಟಿದ್ದ ಮೂವರಲ್ಲಿ ನಾನೂ ಒಬ್ಬನಾಗಿದ್ದೆ. ಎಲ್ಲರಿಗಿಂತ ಮೊದಲು ಬಂದು ಕೊನೆಗೆ ಹೋಗುತ್ತಿದ್ದೆ. ಅದರಲ್ಲಿ ನಿಷ್ಠೆ ಎಷ್ಟು, ಮ್ಯಾನೇಜರರ ಕಣ್ಣಿಗೆ ಬೀಳುವ ಆಸೆ ಎಷ್ಟು ಎಂದು ಈಗ ಬೇರ್ಪಡಿಸುವುದು ಕಷ್ಟ.

ತೇವಾಂಶ ಶೇ 14 ದಾಟಿದರೆ ಪ್ರತಿ ಅಂಶಕ್ಕೆ, ಅಂದರೆ ಶೇ 1ಕ್ಕೆ, ಕ್ವಿಂಟಾಲಿಗೆ ಒಂದು ಕಿಲೋ ಕಡಿತ ಮಾಡುವುದು ಅಲ್ಲಿನ ನಿಯಮ. ಆ ವರ್ಷ ಅಕ್ಟೋಬರಿನಲ್ಲೂ ಮಳೆ ಬಿಟ್ಟಿರಲಿಲ್ಲವಾದ್ದರಿಂದ, ಮೆಷಿನ್ನು 16, 17 ಎಂದು ತೋರಿಸಿದರೂ ನನಗೆ ಅನುಮಾನ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಂದ ಜಗಳೂರು ಕಡೆಯ ಯಜಮಾನರೊಬ್ಬರು ಚೀಟಿಯಲ್ಲಿ 16.8 ಎಂದು ಬರೆದದ್ದನ್ನು ನೋಡಿ ಮಾತಾಡದೆ ಒಂದು ಕಾಳನ್ನು ದವಡೆಗೆ ಕೊಟ್ಟರು. ಅದು ಕಟ್ ಎಂದು ಒಡೆಯಿತು. "ಕೇಳ್ದೇನ್ ತಮ್ಮಾ? ಹಸಿ ಕಾಳು ಹಿಂಗ ಸಪ್ಪಳ ಮಾಡ್ತೈತೇನು?" ಎಂದು, ಒಡೆದ ಹೋಳನ್ನು ಅಂಗೈ ಮೇಲಿಟ್ಟು ನನ್ನ ಮುಂದೆ ಹಿಡಿದರು.

ಅವರ ಸಮಾಧಾನಕ್ಕೆಂದು ಒಳಗಿದ್ದ ಇನ್ನೊಂದು ಮೆಷಿನ್ನಿನಲ್ಲಿ ನೋಡಿದೆ: 14.7. ನನ್ನ ಮೆಷಿನ್ನನ್ನು ತಿರುಗಿಸಿ ನೋಡಿದಾಗ ಅದು ಬಿಳಿಜೋಳದ ಅಳತೆಯಲ್ಲಿ ನಿಂತಿತ್ತು. ಹಿಂದಿನ ಸಂಜೆ ಯಾರದೋ ಜೋಳದ ಮಾದರಿ ನೋಡಿದ್ದವನು ನಾನೇ, ಗುಂಡಿ ಬದಲಿಸದೆ ಬಿಟ್ಟವನೂ ನಾನೇ. ಯಜಮಾನರ ಚೀಟಿಯನ್ನು ತಿದ್ದಿಕೊಟ್ಟೆ. ಆದರೆ ಬೆಳಗಿನಿಂದ ಹನ್ನೊಂದು ಟ್ರ್ಯಾಕ್ಟರ್ ಹೋಗಿಬಿಟ್ಟಿದ್ದವು. ನಲವತ್ತು ಕ್ವಿಂಟಾಲಿನ ಗಾಡಿಗೆ ಎರಡು ಅಂಶವೆಂದರೆ 80 ಕಿಲೋ. ಆ ವರ್ಷದ ಬೆಂಬಲ ಬೆಲೆ ಕ್ವಿಂಟಾಲಿಗೆ 1962 ರೂಪಾಯಿಯ ಲೆಕ್ಕ ಹಿಡಿದರೂ ಒಬ್ಬೊಬ್ಬರಿಗೆ ಒಂದೂವರೆ ಸಾವಿರಕ್ಕಿಂತ ಹೆಚ್ಚಿನ ನಷ್ಟ.

ತಕ್ಷಣ ಓಡಿಹೋಗಿ ಹೇಳಿದೆನೆಂದರೆ ಸುಳ್ಳಾಗುತ್ತದೆ. ಚಹಾ ಕುಡಿದೆ, ಹಮಾಲರು ಚೀಲ ಒಟ್ಟುವುದನ್ನು ಸುಮ್ಮನೆ ನೋಡುತ್ತಾ ನಿಂತೆ, ಸಂದರ್ಶನ ಮುಗಿಯಲಿ ಎಂದೂ ಅಂದುಕೊಂಡೆ. ಕೊನೆಗೆ ನಾಲ್ಕು ಗಂಟೆಗೆ ಹೋಗಿ ಹೇಳಿದಾಗ ಮ್ಯಾನೇಜರರು ಸಿಟ್ಟಾಗಲಿಲ್ಲ. "ಗುಂಡಿ ಸರಿ ಮಾಡಿದೆಯಲ್ಲ, ಬಿಡು. ನಿನ್ನ ಕಾಲಿಗೆ ನೀನೇ ಯಾಕೆ ಕಲ್ಲು ಹಾಕ್ಕೊಳ್ತೀಯ?" ಎಂದರು. ಅವರು ಕೆಟ್ಟವರಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದ್ದರು, ಅದರಿಂದಲೇ ಆ ಮಾತನ್ನು ಮೀರುವುದು ಕಷ್ಟವಾಯಿತು. ನಾನು ರಿಜಿಸ್ಟರಿನಲ್ಲಿ ಹನ್ನೊಂದು ಗಾಡಿಗಳ ನಂಬರು, ಆಗಿರಬಹುದಾದ ವ್ಯತ್ಯಾಸ, ತಪ್ಪು ಯಾರದು ಎಂಬುದನ್ನು ಬರೆದು ಸಹಿ ಹಾಕಿದೆ. ಬಾಯಿಮಾತಾಗಿದ್ದರೆ ಅಲ್ಲೇ ಮುಗಿಯುತ್ತಿತ್ತು. ಬರಹವಾದ್ದರಿಂದ ಮುಖ್ಯ ಕಚೇರಿಯವರು ಓದಲೇಬೇಕಾಯಿತು.

ಗೋದಾಮಿನಲ್ಲಿ ಉಳಿದಿದ್ದ ಮಾದರಿಗಳನ್ನು ಮತ್ತೆ ಅಳೆದು, ವ್ಯತ್ಯಾಸದ ಹಣ ಕೊಡಲು ಒಪ್ಪಿದರು. ಗೇಟ್ ಪಾಸಿನ ಮೊಬೈಲ್ ನಂಬರುಗಳಿಗೆ ನಾನೇ ಕರೆ ಮಾಡಿದೆ. ಒಬ್ಬರು, ದುಡ್ಡು ವಾಪಸ್ ಕೊಡುತ್ತೇವೆನ್ನುವುದು ಮೋಸದ ಕರೆಯೆಂದು ಬೈದು ಫೋನ್ ಇಟ್ಟರು, ಮತ್ತೆ ಎರಡು ದಿನ ಬಿಟ್ಟು ಬಂದರು. ಹತ್ತು ಮಂದಿಗೆ ಹಣ ಮುಟ್ಟಿತು. ಚನ್ನಗಿರಿ ಕಡೆಯ ಒಬ್ಬರದು ಮಾತ್ರ ಬಾಡಿಗೆ ಡ್ರೈವರಿನ ನಂಬರಾಗಿತ್ತು. ಅವನಿಗೆ ರೈತರ ಹೆಸರೇ ನೆನಪಿರಲಿಲ್ಲ.

ಹುದ್ದೆ ಆ ಸಲ ನನ್ನ ಸಹೋದ್ಯೋಗಿಗೆ ಹೋಯಿತು. ಅವನು ಯೋಗ್ಯನೇ, ಆದರೂ ನನಗೆ ಹೊಟ್ಟೆಯುರಿದದ್ದು ನಿಜ. ಎರಡು ವರ್ಷದ ಮೇಲೆ ನನ್ನ ಸರದಿ ಬಂದಾಗ ಅದೇ ಮ್ಯಾನೇಜರರು ಶಿಫಾರಸಿನಲ್ಲಿ "ದಾಖಲೆ ಇಡುವುದರಲ್ಲಿ ಅಚ್ಚುಕಟ್ಟು" ಎಂದು ಬರೆದರಂತೆ; ಯಾವ ದಾಖಲೆ ಎಂದು ಬರೆದಿರಲಿಲ್ಲ. ಮೇಲ್ವಿಚಾರಕನಾಗಿ ಹೊಸ ರಿಜಿಸ್ಟರು ತೆರೆದ ದಿನ ಹಳೆಯದರಲ್ಲಿ ಉಳಿದಿದ್ದ ಚನ್ನಗಿರಿಯ ಗಾಡಿಯ ನಂಬರನ್ನೂ ಮೊತ್ತವನ್ನೂ 'ಕೊಡಬೇಕಾದ ಬಾಕಿ' ಅಂಕಣದ ಮೊದಲ ಸಾಲಿಗೆ ಇಳಿಸಿಕೊಂಡೆ.