ಕಂಬಳಿಯ ಬೆಲೆ ಸೊನ್ನೆ

ತಂಗಿ ಮಗನ ಉಪನಯನದ ಹಿಂದಿನ ರಾತ್ರಿ. ನಮ್ಮ ಶಿರಸಿ ಸೀಮೆಯಲ್ಲಿ ಕಾರ್ಯದ ಮನೆಯೆಂದರೆ ಊಟವಾದ ಮೇಲೆ ಮೆತ್ತಿನಲ್ಲಿ, ಅಂದರೆ ಮಾಳಿಗೆಯಲ್ಲಿ, ಕಂಬಳಿ ಹಾಸಲೇಬೇಕು, ಮಲಗಲಿಕ್ಕಲ್ಲ, ಇಸ್ಪೀಟಿಗೆ. ನಾನು, ಇಬ್ಬರು ಭಾವಂದಿರು, ಅಡಿಗೆ ಭಟ್ಟರು, ಉಳಿದಂತೆ ನೆಂಟರು, ಒಟ್ಟು ಎಂಟು ಜನ. ನಡುವೆ ಕವಳದ (ಎಲೆ-ಅಡಿಕೆಯ) ಬಟ್ಟಲು. ಶುರುವಾದದ್ದು ‘ಇಪ್ಪತ್ತೆಂಟು’ ಆಟ. ಸುಳ್ಳು ಯಾಕೆ, ಆಮೇಲೆ ಅಂದರ್-ಬಾಹರ್‌ಗೆ ತಿರುಗಿತ್ತು, ಎಲೆ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಎಂದು ದುಡ್ಡು ಕಟ್ಟುವ ಅದೃಷ್ಟದಾಟ. ಕಟ್ಟುವುದು ಹತ್ತು ರೂಪಾಯಿ; ಯಾರಾದರೂ ಇಪ್ಪತ್ತು ಇಟ್ಟರೆ ಉಳಿದವರ ಹುಬ್ಬು ಏರುತ್ತಿತ್ತು.

ಮರದ ಏಣಿಯಲ್ಲಿ ಬೂಟಿನ ಸದ್ದು ಕೇಳಿದಾಗ ಭಟ್ಟರು ಎಲೆ ಹಂಚುತ್ತಿದ್ದರು. ಯಾವ ಠಾಣೆಯವರು ಎನ್ನುವುದು ಇಲ್ಲಿ ಬೇಡ. ಪಂಚನಾಮೆ ಬರೆದವರ ಅಕ್ಷರ ಮಾತ್ರ ಮುತ್ತಿನಂಥದ್ದು: ನಗದು 1,340 ರೂಪಾಯಿ, ಇಸ್ಪೀಟು ಎಲೆ 52, ಹಳೆಯ ಕಂಬಳಿ ಒಂದು, ಬೆಲೆ ಸೊನ್ನೆ. ಅಪ್ಪಯ್ಯ ಕೆಳಗಿನಿಂದ ಕೂಗಿ ಹೇಳಿದ್ದು ಇಷ್ಟೇ: “ಸಾಹೇಬ್ರೇ, ಕಂಬಳಿ ಬಿಟ್ಟು ಹೋಗಿ, ರಾತ್ರಿ ಚಳಿ ಆಗ್ತದೆ.” ಬಿಡಲಿಲ್ಲ.

ವಾಪಸು ಬರುವಾಗ ಬೆಳಗಿನ ಜಾವ. ಭಟ್ಟರು ಸೀದಾ ಒಲೆ ಮುಂದೆ ಹೋಗಿ ಕುಳಿತರು. ಮುಹೂರ್ತದ ಹೊತ್ತಿಗೆ ‘ಜೂಜು ಅಡ್ಡೆ ಮೇಲೆ ದಾಳಿ’ ಎಂದು ಎಲ್ಲರ ವಾಟ್ಸಾಪಿಗೂ ಬಂದಿತ್ತು. ಮನೆ ನನ್ನ ಹೆಸರಿನಲ್ಲಿದೆಯಲ್ಲ, ಹಾಗಾಗಿ ಅಡ್ಡೆ ನಡೆಸುವವ ನಾನು.

ಆಮೇಲೆ ಕಾಯ್ದೆ ಓದಿದೆ. ಕರ್ನಾಟಕ ಪೊಲೀಸ್ ಕಾಯ್ದೆ, 1963. ಬೀದಿಯಲ್ಲಿ ಆಡುವವರಿಗೆ 87ನೇ ಕಲಮು. ಜೂಜಿನ ಮನೆ ನಡೆಸುವವನಿಗೆ 79, ಅಲ್ಲಿ ಆಡುವವರಿಗೆ 80. ಜೂಜಿನ ಮನೆ ಅನ್ನಿಸಿಕೊಳ್ಳಬೇಕಾದರೆ ಅದನ್ನು ನಡೆಸುವವನಿಗೆ ಲಾಭ ಇರಬೇಕು: ಜಾಗದ ಬಾಡಿಗೆಯೋ, ಎಲೆಗೆ ಕಾಸೋ, ಇನ್ನೊಂದೋ. ಸಿಕಂದರಾಬಾದಿನ ಕ್ಲಬ್ಬಿನ ರಮ್ಮಿ ಕೇಸಿನಲ್ಲಿ ಸುಪ್ರೀಂ ಕೋರ್ಟು 1967ರಲ್ಲೇ ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂದಿತು; ಹಾಗಂತ ಆಟದಿಂದ ಮನೆಯವ ಲಾಭ ಹೊಡೆದರೆ ಅಪರಾಧ ಆಗಬಹುದು ಅಂತಲೂ ಹೇಳಿತು. ಅಂದರ್-ಬಾಹರ್ ಕೌಶಲ ಅಂತ ನಾನು ವಾದಿಸುವುದಿಲ್ಲ. ಆದರೆ ಲಾಭ? ಆ ರಾತ್ರಿ ನನಗಾದದ್ದು ಎರಡು ಸುತ್ತು ಚಾ, ಒಂದು ಕಟ್ಟು ಕವಳದೆಲೆ, ಎಂಬತ್ತು ರೂಪಾಯಿ ಸೋಲು. ಮೆತ್ತು ಹತ್ತಿ ಬಂದವರು ಒಬ್ಬರೂ ಆ ಪ್ರಶ್ನೆ ಕೇಳಲಿಲ್ಲ.

ಓಸಿ, ಅಂದರೆ ನಂಬರಿನ ಮೇಲೆ ದುಡ್ಡು ಕಟ್ಟುವ ಮಟ್ಕಾ, ಅದು ಬೇರೆ. ಅಡಿಕೆ ಕೊನೆ ಕೊಯ್ಯಲು ಬರುವವನ ಕೂಲಿ ಕತ್ತಲಾಗುವುದರೊಳಗೆ ಚೀಟಿಗೆ ಹೋದದ್ದನ್ನು ಕಂಡಿದ್ದೇನೆ. ಆ ಬುಕ್ಕಿಗಳ ಮನೆ ಏಣಿ ಹತ್ತಲಿ, ನಾನೇ ದೀಪ ಹಿಡಿಯುತ್ತೇನೆ. 2007ಕ್ಕೆ ಮುಂಚೆ ಇದೇ ಸರ್ಕಾರ ತನ್ನದೇ ಲಾಟರಿ ಮಾರಿಸುತ್ತಿತ್ತು. ಈಗಲೂ ಕಾಳಿ ಸೇತುವೆ, ಮಾಜಾಳಿಯ ಗೋವಾ ಗಡಿ ದಾಟಿ ಹೋದರೆ ಪಣಜಿಯ ಮಾಂಡೋವಿಯಲ್ಲಿ ಕ್ಯಾಸಿನೊ ಹಡಗುಗಳು ಲೈಸೆನ್ಸಿನ ಮೇಲೆ ನಡೆಯುತ್ತವೆ. ಆನ್‌ಲೈನ್ ಆಟದವರು, ದುಡ್ಡು ಕಟ್ಟಿ ಆಡುವ ತಮ್ಮ ಆಟಗಳನ್ನು ನಿಷೇಧಿಸಿದ ಇದೇ ಕಾಯ್ದೆಯ 2021ರ ತಿದ್ದುಪಡಿಯ ವಿರುದ್ಧ ಹೈಕೋರ್ಟಿಗೆ ಹೋಗಿ 2022ರ ಫೆಬ್ರವರಿಯಲ್ಲಿ ಗೆದ್ದರು. ಅಡಿಗೆ ಭಟ್ಟರಿಗೆ ಅಷ್ಟು ದೊಡ್ಡ ವಕೀಲರನ್ನು ಯಾರು ಹಿಡಿದು ಕೊಡುತ್ತಾರೆ?

ನಮ್ಮ ವಕೀಲರು ಒಳ್ಳೆಯವರು. “ಒಪ್ಪಿಕೊಂಡು ಮುಗಿಸಿಬಿಡಿ ಮಾರಾಯ್ರೇ, ವರ್ಷಗಟ್ಟಲೆ ಅಲೆದಾಟ ಯಾಕೆ?” ಅಂದರು. ಭಾವಂದಿರಿಗೂ ಅದೇ ಮನಸ್ಸು. ನಾನೊಬ್ಬ ಬೇಡ ಅಂದೆ. ಒಪ್ಪಿಕೊಂಡರೆ ಅಜ್ಜ ಕಟ್ಟಿಸಿದ ಮೆತ್ತು ಕಾಗದದಲ್ಲಿ ಅಡ್ಡೆಯಾಗಿ ಉಳಿಯುತ್ತದೆ.

ನಾಲ್ಕು ತಾರೀಖು ಕಳೆದವು. ಪ್ರತಿ ಸಲ ಅಡಿಕೆ ಕೆಲಸ ಬಿಟ್ಟು ಹೋಗಿ, ಕೋರ್ಟಿನ ಬೆಂಚಿನಲ್ಲಿ ಮಧ್ಯಾಹ್ನದವರೆಗೆ ಕೂತು, ಮುಂದಿನ ತಾರೀಖು ಬರೆಸಿಕೊಂಡು ಬರುತ್ತೇನೆ. ಕೇಸು ಏನಾಯ್ತು ಅಂತ ಅಪ್ಪಯ್ಯ ಕೇಳುವುದಿಲ್ಲ. ಜಗಲಿ ತುದಿಯಿಂದ ಒಂದೇ ಮಾತು: “ತಮಾ, ಕಂಬಳಿ ಬಂತನಾ?”