ಮಂಡಿ ಲೆಕ್ಕ ಮೈನಸ್ ಆಗಿದ್ದು

ಕಾಲೇಜು ಮುಗ್ಸಿದ ಹೊಸ್ದರಲ್ಲಿ ಶಿರಸಿಯ ಒಂದು ಅಡಿಕೆ ಮಂಡಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರ್ದುಕೊಟ್ಟಿದ್ದೆ, ಚಾಲಿ ಅಡಿಕೆ ಎಷ್ಟು ರಾಶಿ ಅಡಿಕೆ ಎಷ್ಟು ಅಂತ ಹಾಕಿದ್ರೆ ಮಾರಾಟದ ಪಟ್ಟಿ ಪ್ರಿಂಟ್ ಆಗ್ತಿತ್ತು, ಅಷ್ಟೇ. ಚಿಲ್ಲರೆ ತಪ್ಪಬಾರ್ದು ಅಂತ ಜಾಣತನ ಮಾಡಿ ಎಲ್ಲಾ ಮೊತ್ತನೂ ಪೈಸೆಲೇ ಇಟ್ಟಿದ್ದೆ. ಮೊನ್ನೆ ಯಜಮಾನ್ರ ಫೋನು, "ತಮಾ, ಇದೆಂಥದು ಮಾರಾಯ, ಅಡಿಕೆ ಮಾರಿ ನಾನೇ ಸಾಲಗಾರ ಆಗ್ಹೋದ್ನಲ!"

ಹೋಗಿ ನೋಡಿದ್ರೆ ವರ್ಷದ ಟೋಟಲ್ ಹಿಂದೆ ಮೈನಸ್ಸು. ನಾನು ಮೊತ್ತಕ್ಕೆ ಕೊಟ್ಟಿದ್ದ 32 ಬಿಟ್ (ಅಂದ್ರೆ 32 ಸೊನ್ನೆ-ಒಂದುಗಳ) ಜಾಗದಲ್ಲಿ ಹಿಡಿಯೋದು 2147483647ರವರೆಗೆ ಮಾತ್ರ, ಅಂದ್ರೆ 2,14,74,836 ರೂಪಾಯಿ 47 ಪೈಸೆ. ಅದ್ರ ಮೇಲೆ ಒಂದು ಪೈಸೆ ಬಿದ್ರೂ ಉಲ್ಟಾ ಹೊಡ್ದು ಮೈನಸ್ಸಿಗೆ ಹೋಗ್ತದೆ. ತಪ್ಪು ನಂದೇ.

ಬ್ಯಾಕಪ್ ಕಾಪಿ ಆಗ್ಲಿಕ್ಕೆ ಒಂದು ತಾಸು ಬೇಕಿತ್ತು, ಸುಮ್ನೆ ಕೂತಾಗ ನೆನಪಾಯ್ತು, ಈ ನಂಬರ್ರು ಪ್ರೈಮು, ಶಾಲೇಲಿ ಅವಿಭಾಜ್ಯ ಸಂಖ್ಯೆ ಅಂತಿದ್ರಲ್ಲ ಅದು. 31 ಎರಡುಗಳನ್ನ ಗುಣಿಸಿ ಒಂದು ಕಳೆದ್ರೆ ಸಿಗೋದು. ಒಂದು ಮತ್ತೆ ಇದನ್ನೇ ಬಿಟ್ರೆ ಇದನ್ನ ಭಾಗಿಸೋ ಸಂಖ್ಯೆ ಇಲ್ಲ ಅಂತ 1772ರಲ್ಲಿ ಗಣಿತಜ್ಞ ಆಯ್ಲರ್ ತೋರಿಸಿದ, ಕಂಪ್ಯೂಟರ್ ಬಿಡಿ, ಆಗ ಅವ್ನಿಗೆ ಕಣ್ಣೂ ಹೆಚ್ಚುಕಮ್ಮಿ ಹೋಗಿತ್ತು.

ಹೆಂಗೆ ಅಂತೀರಾ? ನೇರ ಹೊರಟ್ರೆ 46,340ರೊಳಗಿನ ಎಲ್ಲಾ ಪ್ರೈಮಿಂದನೂ ಭಾಗಿಸ್ಬೇಕು, 4,800ರ ಹತ್ತತ್ರ ಇದಾವೆ. ಆದ್ರೆ ಯಾವ್ದೋ ಪ್ರೈಮ್ ಇದನ್ನ ಭಾಗಿಸ್ತದೆ ಅಂತ ಇಟ್ಕೊಳ್ಳಿ, ಆಗ 2, 4, 8 ಅಂತ ದುಪ್ಪಟ್ಟು ಮಾಡ್ತಾ ಆ ಪ್ರೈಮಿಂದ ಭಾಗಿಸಿ ಶೇಷ ನೋಡ್ತಾ ಹೋದ್ರೆ ಸರಿಯಾಗಿ 31ನೇ ಸಲಕ್ಕೆ ಶೇಷ 1ಕ್ಕೆ ಬರ್ಬೇಕು, ಹಂಗಾಗಿ ಆ ಪ್ರೈಮಿಗಿಂತ ಒಂದು ಕಮ್ಮಿ ಇರೋ ಸಂಖ್ಯೆ 31ರಲ್ಲಿ ಸಮ ಹೋಗ್ಬೇಕು, ಪ್ರೈಮು ಬೆಸ ಆಗಿರೋದ್ರಿಂದ ಅದು 62ರಲ್ಲೂ ಹೋಗ್ಬೇಕು. ಇದ್ರ ಜೊತೆ ಇನ್ನೊಂದು ನಿಯಮ, ಆ ಪ್ರೈಮನ್ನ 8ರಿಂದ ಭಾಗಿಸಿದ್ರೆ ಉಳಿಯೋದು 1 ಅಥ್ವಾ 7. ಎರಡೂ ಸೇರಿದ್ರೆ, 248ರಿಂದ ಭಾಗಿಸಿದಾಗ 1 ಇಲ್ಲಾ 63 ಉಳಿಯೋವು ಮಾತ್ರ ಲೆಕ್ಕಕ್ಕೆ. ಮಂಡಿಲಿ ಕಳಪೆ ಗೋಟು ಅಡಿಕೆ ಆರ್ಸಿ ಬೇರೆ ಹಾಕಿದ ಹಂಗೆ ರಾಶಿ ಕರಗಿ ಎಂಬತ್ತು ಚಿಲ್ಲರೆ ಉಳಿತದೆ!

ನಾನೂ ಕೈಲಿ ಮಾಡ್ದೆ. ಮೊದ್ಲು ಸಿಗೋದು 311, ಶೇಷ 35. ಆಮೇಲೆ 1303, ಶೇಷ 226. 1489ರಲ್ಲಿ ಎರಡು ಸಲ ತಪ್ಪಿ ಮೂರನೇ ಸಲ 199 ಬಂತು, ಅಲ್ಲಿಗೆ ಸಾಕಾಯ್ತು. ಆ ಮುದುಕ ಎಂಬತ್ತು ಚಿಲ್ಲರೆ ಭಾಗಾಕಾರನೂ ಮುಗ್ಸಿದ್ನಲ್ಲ ಮಾರಾಯ್ರೆ.

ಅಷ್ಟೊತ್ತಿಗೆ ಬ್ಯಾಕಪ್ ಆಯ್ತು, ಎಲ್ಲಾ 64 ಬಿಟ್ ಮಾಡಿದೆ. ಹೊಸ ಮಿತಿ 9223372036854775807. ಇದು ಪ್ರೈಮ್ ಅಲ್ಲ. ಇದು 63 ಎರಡುಗಳನ್ನ ಗುಣಿಸಿ ಒಂದು ಕಳೆದದ್ದು, 63 ಮೂರರಲ್ಲಿ ಹೋಗ್ತದಲ್ಲ, ಮೂರು ಎರಡುಗಳನ್ನ ಗುಣಿಸಿ ಒಂದು ಕಳೆದ್ರೆ ಏಳು, ಹಂಗಾಗಿ ಇದು ಏಳರಲ್ಲಿ ಸಲೀಸಾಗಿ ಹೋಗ್ತದೆ. ಸ್ವಲ್ಪ ಬೇಜಾರೇ ಆಯ್ತು. ಯಜಮಾನ್ರಿಗೆ ಹೇಳಿದ್ರೆ "ಏಳರಲ್ಲಾದ್ರೂ ಹೋಗ್ಲಿ ಎಂಟರಲ್ಲಾದ್ರೂ ಹೋಗ್ಲಿ" ಅಂತ ಚಾ ತರ್ಸಿದ್ರು. ಆಮೇಲೆ ನನ್ನ ಭಾಗಾಕಾರದ ಕಾಗ್ದ ತಿರುಗ್ಸಿ ನೋಡಿ, "ಏ ತಮಾ, ಇದು ಯಾರ ಪಟ್ಟಿನೋ?"