ಹಮಾಡಾ ಹೋಗಿದ್ದು ಒಳ್ಳೆಯದಾಯ್ತಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ವಿಡಿಯೋ ಎಡಿಟಿಂಗ್ ಅಂಗಡಿ ಇದೆ. ಮದುವೆ, ಕುಬಸ, ಜಾವಳ, ವಾಸ್ತುಶಾಂತಿ, ಎಲ್ಲ ಬರುತ್ತವೆ. ಸಂಜೆಯಾದರೆ ಕಾಲೇಜು ಹುಡುಗರು ಬಂದು ಕೂರುತ್ತಾರೆ. ಕೆಲವರು ಕೆಲಸ ಕಲಿಯೋಕೆ, ಉಳಿದವರು ಎಸಿ ಗಾಳಿಗೆ. ಅಷ್ಟೂ ಜನ ಸೂಪರ್‌ಹೀರೋ ಸಿನಿಮಾದ ಹುಚ್ಚರು. ನಾನು ಎಡಿಟಿಂಗ್ ಮಾಡುತ್ತೇನೆ, ಸಿನಿಮಾ ಸುದ್ದಿ ಓದುತ್ತೇನೆ ಅನ್ನೋ ಕಾರಣಕ್ಕೆ ನನ್ನನ್ನು ಪಂಚರ ಜಾಗದಲ್ಲಿ ಕೂರಿಸಿ ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ: "ಅಣ್ಣಾರ, ಡಿಸಿ ಬಿಟ್ಟು ಹಮಾಡಾ ಹೋಗಿದ್ದು ಚಲೋ ಆತೋ, ಕೆಟ್ಟ ಆತೋ?"

ಗೊತ್ತಿಲ್ಲದವರಿಗೆ ಎರಡು ಮಾತು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಇವೆಲ್ಲ ಡಿಸಿ ಕಾಮಿಕ್ಸ್‌ನ ಪಾತ್ರಗಳು. ಇವರ ಸಿನಿಮಾ ಮಾಡೋದು ವಾರ್ನರ್ ಬ್ರದರ್ಸ್. ಅಲ್ಲಿ ಡಿಸಿ ಸಿನಿಮಾ ವಿಭಾಗಕ್ಕೆ ವಾಲ್ಟರ್ ಹಮಾಡಾ ಅನ್ನೋರು 2018ರ ಜನವರಿಯಲ್ಲಿ ಮುಖ್ಯಸ್ಥರಾಗಿ ಬಂದರು, 2022ರ ಅಕ್ಟೋಬರ್‌ನಲ್ಲಿ ಬಿಟ್ಟು ಹೋದರು. ಅದಕ್ಕೂ ಮೊದಲು ಅದೇ ಕಂಪನಿಯ ನ್ಯೂ ಲೈನ್‌ನಲ್ಲಿ 'ದಿ ಕಾಂಜ್ಯೂರಿಂಗ್' ತರದ ದೆವ್ವದ ಸಿನಿಮಾಗಳನ್ನು ನೋಡಿಕೊಳ್ಳುತ್ತಿದ್ದರು. ಅವರು ಹೋಗಿ ವರ್ಷಗಳಾದರೂ ಅವರ ಹೆಸರಲ್ಲಿ ಜಗಳ ಮಾತ್ರ ನಿಂತಿಲ್ಲ.

ನನ್ನ ಉತ್ತರ ಇಷ್ಟು. ಹೋಗಿದ್ದು ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳೋ ಮೊದಲು, ಯಾವ ತೀರ್ಮಾನ ಅವರದು, ಯಾವುದು ಅವರದಲ್ಲ ಅಂತ ಬೇರೆ ಮಾಡಿ. ಹಾಗೆ ಬೇರೆ ಮಾಡಿದರೆ ಬೈಯೋಕೂ ಹೊಗಳೋಕೂ ಬಹಳ ಕಡಿಮೆ ಉಳಿಯುತ್ತದೆ. ಇದು ಹುಡುಗರಿಗೆ ರುಚಿಸೋದಿಲ್ಲ.

'ಜಸ್ಟಿಸ್ ಲೀಗ್' ತಗೊಳ್ಳಿ. ಬಂದಿದ್ದು 2017ರ ನವೆಂಬರ್‌ನಲ್ಲಿ. ನಿರ್ದೇಶಕ ಝಾಕ್ ಸ್ನೈಡರ್ ಮಗಳನ್ನು ಕಳೆದುಕೊಂಡು ಆ ವರ್ಷ ಮೇ ತಿಂಗಳಲ್ಲಿ ಸಿನಿಮಾ ಬಿಟ್ಟರು. ಜಾಸ್ ವೀಡನ್ ಬಂದು ಮತ್ತೆ ಶೂಟ್ ಮಾಡಿ, ಕತ್ತರಿಸಿ, ಎರಡು ಗಂಟೆಗೆ ಇಳಿಸಿದರು. ಇದೆಲ್ಲ ಮುಗಿದು, ಸಿನಿಮಾ ಸೋತು, ಪೋಸ್ಟರ್ ಇಳಿದ ಮೇಲೆ ಹಮಾಡಾ ಬಂದಿದ್ದು. ಆದರೂ ನಮ್ಮ ಹುಡುಗರು ಅದನ್ನೂ ಅವರ ತಲೆಗೇ ಕಟ್ಟುತ್ತಾರೆ. ಹೊಗಳಿಕೆಯ ಲೆಕ್ಕವೂ ಹೀಗೇ ತಪ್ಪುತ್ತದೆ. 2018ರ ಡಿಸೆಂಬರ್‌ನಲ್ಲಿ ಬಂದ 'ಅಕ್ವಾಮ್ಯಾನ್' ಜಗತ್ತಿನಾದ್ಯಂತ ಸುಮಾರು 115 ಕೋಟಿ ಡಾಲರ್ ಗಳಿಸಿತು. ನೋಡಿ, ಹಮಾಡಾ ಬಂದ ವರ್ಷವೇ ಗೆದ್ದರು ಅಂದರು. ಅದರ ಶೂಟಿಂಗ್ ನಡೆದದ್ದು 2017ರಲ್ಲಿ!

ಈ ಮಾತು ನನಗೆ ಸಿನಿಮಾಗಿಂತ ಮೊದಲು ನಾಟಕದಲ್ಲಿ ಅರ್ಥವಾಗಿತ್ತು. ನಮ್ಮ ಸೋದರಮಾವ ಒಂದು ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರ್ ಆಗಿದ್ದರು. ಬಾದಾಮಿ ಬನಶಂಕರಿ ಜಾತ್ರೆಗೆ ಸಾಲಾಗಿ ಕಂಪನಿಗಳು ಕ್ಯಾಂಪ್ ಹಾಕುತ್ತವಲ್ಲ, ಅಲ್ಲಿ ಅವರ ಜೊತೆ ರಾತ್ರಿಗಟ್ಟಲೆ ಕೂತಿದ್ದೇನೆ. ಮುಂದೆ ಕೂತ ಜನಕ್ಕೆ ಕಾಣೋದು ಪಾತ್ರಧಾರಿಗಳು ಮಾತ್ರ. ನನಗೆ ಪಕ್ಕದಿಂದ ಮಾಲೀಕರು ಕಾಣುತ್ತಿದ್ದರು. ಅವರು ನಾಟಕ ನೋಡುತ್ತಲೇ ಇರಲಿಲ್ಲ. ಗಲ್ಲಾದ ಹತ್ತಿರ ಕುರ್ಚಿ ಹಾಕಿಕೊಂಡು, ಕಿವಿ ಮಾತ್ರ ಟೆಂಟಿನ ಕಡೆ. ಶಿಳ್ಳೆ ಬಿದ್ದರೆ ಒಳಗೆ ಚೀಟಿ ಹೋಗುತ್ತಿತ್ತು: ಆ ಕಾಮಿಡಿ ಸೀನು ಇನ್ನೂ ಎಳೀರಿ. ಜನ ಎದ್ದು ಹೊರಗೆ ಬಂದರೆ ಇನ್ನೊಂದು ಚೀಟಿ: ಹಾಡು ಬಿಡ್ರಿ, ಫೈಟಿಂಗ್ ತಗೊಳ್ರಿ. ನಾಟಕ ಬರೆದ ಕವಿ ಹಿಂದೆ ಟ್ರಂಕಿನ ಮೇಲೆ ಕೂತು ಹಲ್ಲು ಕಡಿಯುತ್ತಿದ್ದರು. ಮರುದಿನ ಊರವರು ಬೈದದ್ದು ಮಾತ್ರ ಮ್ಯಾನೇಜರ್‌ಗೆ. ಯಾಕಂದರೆ ಗೇಟಿನಲ್ಲಿ ನಿಂತಿರೋದು ಅವರೇ ಅಲ್ವಾ.

ಹಮಾಡಾ ಮಾಲೀಕರಲ್ಲ, ಆ ಮ್ಯಾನೇಜರ್. ಮಾಲೀಕರು ಅವರ ತಲೆಯ ಮೇಲೆ ಬದಲಾಗುತ್ತಲೇ ಇದ್ದರು. ಅವರು ಬಂದಾಗ ಟೈಮ್ ವಾರ್ನರ್. 2018ರ ಜೂನ್‌ನಲ್ಲಿ ಅದನ್ನು ಎಟಿ ಅಂಡ್ ಟಿ ಅನ್ನೋ ಟೆಲಿಫೋನ್ ಕಂಪನಿ ಕೊಂಡಿತು. 2022ರ ಏಪ್ರಿಲ್‌ನಲ್ಲಿ ಡಿಸ್ಕವರಿ ಜೊತೆ ಸೇರಿಸಿದರು, ಡೇವಿಡ್ ಝಾಸ್ಲಾವ್ ಮೇಲೆ ಬಂದು ಕೂತರು. ನಾಲ್ಕು ಚಿಲ್ಲರೆ ವರ್ಷದಲ್ಲಿ ಮೂವರು ಯಜಮಾನರು. 2020ರ ಕೊನೆಗೆ, ಕೊರೊನಾ ಹೊತ್ತಲ್ಲಿ, ಮುಂದಿನ ವರ್ಷದ ಅಷ್ಟೂ ಸಿನಿಮಾಗಳನ್ನು ಥಿಯೇಟರ್‌ನಲ್ಲೂ ತಮ್ಮದೇ ಓಟಿಟಿಯಾದ ಎಚ್‌ಬಿಒ ಮ್ಯಾಕ್ಸ್‌ನಲ್ಲೂ ಒಂದೇ ದಿನ ಬಿಡುತ್ತೇವೆ ಅಂತ ಘೋಷಿಸಿದ್ದು ಮೇಲಿನವರು. ಅದು ಡಿಸಿ ವಿಭಾಗದ ತೀರ್ಮಾನವಲ್ಲ.

ಈಗ ಜಗಳದ ಬೇರಿಗೆ ಬರೋಣ. ಅದು ಹೆನ್ರಿ ಕ್ಯಾವಿಲ್. 2013ರಿಂದ ಸೂಪರ್‌ಮ್ಯಾನ್ ಆಗಿದ್ದ ನಟ. ಅಭಿಮಾನಿಗಳಿಗೆ ಅವರೇ ಬೇಕು. ಹಮಾಡಾಗೆ ಅವರನ್ನು ವಾಪಸ್ ಕರೆಯೋ ಮನಸ್ಸಿರಲಿಲ್ಲ ಅಂತ ಆಗಿನ ಸಿನಿಮಾ ಪತ್ರಿಕೆಗಳು ಬರೆದವು. 'ಬ್ಲ್ಯಾಕ್ ಆಡಮ್' ಕೊನೆಯಲ್ಲಿ ಕ್ಯಾವಿಲ್ ಒಂದು ನಿಮಿಷ ಬಂದು ಹೋಗಬೇಕು ಅಂತ ಅದರ ಹೀರೋ ಡ್ವೇನ್ ಜಾನ್ಸನ್ ಹಟ ಹಿಡಿದರು, ಹಮಾಡಾ ಒಪ್ಪದಿದ್ದಾಗ ಅವರನ್ನು ದಾಟಿ ಸ್ಟುಡಿಯೋದ ಹೊಸ ಮುಖ್ಯಸ್ಥರ ಹತ್ತಿರ ಹೋಗಿ ಒಪ್ಪಿಗೆ ತಂದರು ಅಂತಲೂ ವರದಿಯಾಯಿತು. 2022ರ ಅಕ್ಟೋಬರ್ 21ಕ್ಕೆ ಅಮೆರಿಕದಲ್ಲಿ ಸಿನಿಮಾ ಬಿಡುಗಡೆ. ಅದಕ್ಕೆ ಒಂದೆರಡು ದಿನ ಮೊದಲೇ ಹಮಾಡಾ ಹೊರಟ ಸುದ್ದಿ. 24ಕ್ಕೆ ಕ್ಯಾವಿಲ್ ವಿಡಿಯೋ ಹಾಕಿ, ನಾನು ವಾಪಸ್ ಬಂದೆ ಅಂದರು.

ಅವತ್ತು ನಮ್ಮ ಅಂಗಡಿಯಲ್ಲಿ ಹಬ್ಬ. ದಿನಾ ಇನ್ನೊಬ್ಬರ ದುಡ್ಡಲ್ಲಿ ಚಹಾ ಕುಡಿಯೋ ಹುಡುಗ ಎಲ್ಲರಿಗೂ ಮಿರ್ಚಿ ಭಜಿ ತಂದ. ಎಣ್ಣೆ ಸೋರೋ ಪೇಪರ್ ಪೊಟ್ಟಣ ಸೀದಾ ನನ್ನ ಕೀಬೋರ್ಡ್ ಪಕ್ಕ ಇಟ್ಟು, "ಮುಗೀತ್ ನೋಡ್ರಿ ಅಣ್ಣಾರ, ಅಡ್ಡ ನಿಂತಾವ ಹೋದ. ಇನ್ನ ನಮ್ದ ರಾಜ್ಯ" ಅಂದ. ಮರುದಿನವೇ, ಅಂದರೆ 25ಕ್ಕೆ, ನಿರ್ದೇಶಕ ಜೇಮ್ಸ್ ಗನ್ ಮತ್ತು ನಿರ್ಮಾಪಕ ಪೀಟರ್ ಸಫ್ರಾನ್ ಡಿಸಿ ಸ್ಟುಡಿಯೋಸ್‌ನ ಹೊಸ ಮುಖ್ಯಸ್ಥರು ಅಂತ ಘೋಷಣೆಯಾಯಿತು. ಹುಡುಗರು ಅದಕ್ಕೂ ಚಪ್ಪಾಳೆ ಹೊಡೆದರು.

ಡಿಸೆಂಬರ್ 14ಕ್ಕೆ ಕ್ಯಾವಿಲ್ ಮತ್ತೆ ಬರೆದರು: ನಾನು ಸೂಪರ್‌ಮ್ಯಾನ್ ಆಗಿ ಬರುತ್ತಿಲ್ಲ. ಗನ್ ಚಿಕ್ಕ ವಯಸ್ಸಿನ ಸೂಪರ್‌ಮ್ಯಾನ್ ಕಥೆ ಬರೆಯುತ್ತಿದ್ದರು, ಅದಕ್ಕೆ ಬೇರೆ ನಟ ಬೇಕಿತ್ತು. ಎರಡು ತಿಂಗಳೂ ಆಗಿರಲಿಲ್ಲ. ಭಜಿ ತಂದಿದ್ದ ಹುಡುಗ ಸುಮ್ನೆ ಬಂದು ಮೂಲೆಯಲ್ಲಿ ಕೂತ. ಬಹಳ ಹೊತ್ತಾದ ಮೇಲೆ, "ಅಂವನ ಪಾಡ ಇದ್ದ ಬಿಡ್ರಿ" ಅಂದ.

ನನಗೆ ನಗು ಬಂತು, ಸುಳ್ಳು ಹೇಳೋದಿಲ್ಲ. ಆದರೆ ನಿಜವಾಗಿ ನಗೋ ವಿಷಯ ಬೇರೆ ಇದೆ. 2018ರ ಜುಲೈನಲ್ಲಿ ಡಿಸ್ನಿ ಗನ್‌ರನ್ನು ಕೆಲಸದಿಂದ ತೆಗೆಯಿತು. ಆ ಅಕ್ಟೋಬರ್‌ನಲ್ಲೇ ಅವರನ್ನು ಕರೆದು 'ದಿ ಸೂಸೈಡ್ ಸ್ಕ್ವಾಡ್' ಕೊಟ್ಟಿದ್ದು ವಾರ್ನರ್, ಹಮಾಡಾ ಕಾಲದಲ್ಲಿ. ಸಫ್ರಾನ್ ಅಂತೂ 'ದಿ ಕಾಂಜ್ಯೂರಿಂಗ್' ಕಾಲದಿಂದಲೂ ಹಮಾಡಾ ಜೊತೆ ಕೆಲಸ ಮಾಡಿದ ನಿರ್ಮಾಪಕ, 'ಅಕ್ವಾಮ್ಯಾನ್', 'ಶಜಾಮ್!' ಎರಡೂ ಅವರದೇ. ಅಂದರೆ ಹಳೆಯ ಆಡಳಿತ ತೊಲಗಿತು ಅಂತ ಕುಣಿದವರಿಗೆ ಸಿಕ್ಕ ಹೊಸ ಯಜಮಾನರು ಅದೇ ಮನೆಯಲ್ಲಿ ಉಂಡು ಬೆಳೆದವರು. ಗನ್ ಒಳ್ಳೆಯ ಆಯ್ಕೆ ಅಂತ ನೀವು ಒಪ್ಪುವುದಾದರೆ, ಅವರನ್ನು ಡಿಸಿ ಬಾಗಿಲಿಗೆ ತಂದ ಕಾಲದ ಪಾಲೂ ಒಪ್ಪಬೇಕಾಗುತ್ತದೆ.

ಹಾಗಾದರೆ ಹಮಾಡಾ ತಪ್ಪೇ ಮಾಡಿಲ್ವಾ? ಮಾಡಿದ್ದಾರೆ. 2020ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಅವರೇ ಹೇಳಿದ ಯೋಜನೆ ಇತ್ತು. 2022ರಿಂದ ವರ್ಷಕ್ಕೆ ನಾಲ್ಕರವರೆಗೆ ಸಿನಿಮಾ ಥಿಯೇಟರ್‌ಗೆ, ಜೊತೆಗೆ ಎರಡು ಎಚ್‌ಬಿಒ ಮ್ಯಾಕ್ಸ್‌ಗೆ. ಒಂದೇ ಹೊತ್ತಿಗೆ ಇಬ್ಬರು ಬ್ಯಾಟ್‌ಮ್ಯಾನ್: ಒಂದು ಲೋಕದಲ್ಲಿ ರಾಬರ್ಟ್ ಪ್ಯಾಟಿನ್ಸನ್, ಇನ್ನೊಂದರಲ್ಲಿ ಹಳೆಯ ಮೈಕೆಲ್ ಕೀಟನ್. ಕಾಮಿಕ್ಸ್ ಓದಿದವರಿಗೆ ಇದು ಸಲೀಸು. ಆದರೆ ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಥಿಯೇಟರ್‌ಗೆ ಹೋಗೋ ಅಪ್ಪನಿಗೆ? ಅವನಿಗೆ ಇಬ್ಬರಲ್ಲಿ ಯಾರು ಅಸಲಿ ಅಂತಲೇ ತಿಳಿಯೋದಿಲ್ಲ. ಸಿನಿಮಾ ಗೆಲ್ಲಬೇಕಾದರೆ ಅವನೇ ಟಿಕೆಟ್ ತಗೋಬೇಕು. ಈ ತೀರ್ಮಾನ ಮೇಲಿನವರು ಹೇರಿದ್ದು ಅಂತ ಹೇಳೋಕೆ ಬರೋದಿಲ್ಲ. ಇದು ಹಮಾಡಾ ಅವರದೇ, ನನಗೆ ಇದು ಮೊದಲಿಂದಲೂ ಒಪ್ಪಿಗೆಯಿಲ್ಲ.

ಅವರ ಒಳ್ಳೆಯ ತೀರ್ಮಾನವೂ ಇದರ ಪಕ್ಕದಲ್ಲೇ ಇದೆ. ಎಲ್ಲ ಸಿನಿಮಾಗಳನ್ನೂ ಒಂದೇ ದಾರಕ್ಕೆ ಪೋಣಿಸೋ ಹಟ ಅವರು ಬಿಟ್ಟರು. ಮ್ಯಾಟ್ ರೀವ್ಸ್‌ಗೆ 'ದಿ ಬ್ಯಾಟ್‌ಮ್ಯಾನ್' ಅನ್ನು ಬೇರೆಯೇ ಲೋಕವಾಗಿ ಮಾಡೋಕೆ ಬಿಟ್ಟರು. 'ಜೋಕರ್' ಕೂಡ ಹಾಗೇ ಒಂಟಿಯಾಗಿ ನಿಂತ ಸಿನಿಮಾ. ಆ ಯೋಜನೆಯ ಸುದ್ದಿ 2017ರಲ್ಲೇ ಬಂದಿತ್ತು, ಶೂಟಿಂಗ್ ಶುರುವಾಗಿದ್ದು 2018ರ ಸೆಪ್ಟೆಂಬರ್‌ನಲ್ಲಿ, ಗಳಿಸಿದ್ದು 100 ಕೋಟಿ ಡಾಲರ್ ದಾಟಿ. ಪೂರ್ತಿ ಶ್ರೇಯಸ್ಸು ಒಬ್ಬರಿಗೇ ಹೋಗೋದಿಲ್ಲ ಅನ್ನೋದಕ್ಕೆ ಇದೂ ಒಂದು ಸಾಕ್ಷಿ.

2023ರಲ್ಲಿ ಬಂದ ನಾಲ್ಕು ಸಿನಿಮಾಗಳು, ಎರಡನೇ 'ಶಜಾಮ್!', 'ದಿ ಫ್ಲ್ಯಾಶ್', 'ಬ್ಲೂ ಬೀಟಲ್', ಎರಡನೇ 'ಅಕ್ವಾಮ್ಯಾನ್', ಎಲ್ಲವೂ ಹಮಾಡಾ ಇದ್ದಾಗಲೇ ಶೂಟಿಂಗ್ ಮುಗಿಸಿದ್ದವು. 'ದಿ ಫ್ಲ್ಯಾಶ್' ಖರ್ಚು ಸುಮಾರು 20 ಕೋಟಿ ಡಾಲರ್, ಗಳಿಕೆ 27 ಕೋಟಿ. ಲಾಭ ಅನ್ನಬೇಡಿ. ಟಿಕೆಟ್ ದುಡ್ಡಲ್ಲಿ ದೊಡ್ಡ ಪಾಲು ಥಿಯೇಟರ್‌ನವರದು, ಪ್ರಚಾರದ ಖರ್ಚು ಬೇರೆ. ದೊಡ್ಡ ಹೊಡೆತವೇ ಬಿತ್ತು. ಆದರೆ 2023ರ ಜನವರಿ ಕೊನೆಗೇ ಗನ್ ಕೂತು, ಹೊಸ ಲೋಕ ಶುರುಮಾಡುತ್ತೇವೆ ಅಂತ ಪಟ್ಟಿ ಓದಿದ್ದರು. ಮುಗಿದುಹೋಗೋ ಲೋಕದ ಕೊನೆಯ ಸಿನಿಮಾಗಳಿಗೆ ಯಾರು ದುಡ್ಡು ಕೊಟ್ಟು ಹೋಗುತ್ತಾರೆ ಹೇಳಿ. ಈ ಸೋಲಿನಲ್ಲಿ ಹೋದವರದೂ ಪಾಲಿದೆ, ಬಂದವರದೂ ಇದೆ.

ಸ್ನೈಡರ್ ಅಭಿಮಾನಿಗಳನ್ನು ಸುಮ್ನೆ ಗಲಾಟೆ ಮಾಡೋರು ಅಂತ ನಾನು ತಳ್ಳಿಹಾಕೋದಿಲ್ಲ. ಅವರಲ್ಲಿ ಕೆಲವರು ಬೇರೆಯವರನ್ನು ಹಿಂಸೆಯಾಗುವಷ್ಟು ಬೈದದ್ದು ನಿಜ. ಅದೇ ಗುಂಪು ಆತ್ಮಹತ್ಯೆ ತಡೆಯೋ ಸಂಸ್ಥೆಗೆ 5 ಲಕ್ಷ ಡಾಲರ್‌ಗೂ ಜಾಸ್ತಿ ಕೂಡಿಸಿಕೊಟ್ಟಿದ್ದೂ ನಿಜ. ಅವರ ಹಟದಿಂದಲೇ 2021ರ ಮಾರ್ಚ್‌ನಲ್ಲಿ ಸ್ನೈಡರ್ ತಮ್ಮ ಮನಸ್ಸಿನಂತೆ ಕಟ್ಟಿದ ನಾಲ್ಕು ಗಂಟೆಯ 'ಜಸ್ಟಿಸ್ ಲೀಗ್' ಹೊರಬಂತು. ಎಡಿಟರ್ ಆಗಿ ಹೇಳುತ್ತೇನೆ, ಅರ್ಧ ಮನುಷ್ಯ, ಅರ್ಧ ಯಂತ್ರವಾಗಿರೋ ಸೈಬೋರ್ಗ್ ಪಾತ್ರ ಒಂದನ್ನೇ ನೋಡಿ. ಮೊದಲಿನದರಲ್ಲಿ ಅವನು ಮೂಲೆಯಲ್ಲಿ ನಿಂತ ಕಬ್ಬಿಣ. ಇದರಲ್ಲಿ ಅವನಿಗೆ ಅಮ್ಮ ಇದ್ದಾಳೆ, ಅಪ್ಪನ ಮೇಲೆ ಸಿಟ್ಟಿದೆ, ಕಥೆಯೇ ಅವನದು. ಆದರೆ ಇದರ ಮುಂದಿನ ಭಾಗ ಬೇಡ ಅಂತ ಬಾಯಿಬಿಟ್ಟು ಹೇಳಿದ್ದು ಸ್ಟುಡಿಯೋದ ಮೇಲಿನ ಮುಖ್ಯಸ್ಥೆ ಆನ್ ಸಾರ್ನಾಫ್. ಅದನ್ನೂ ಹಮಾಡಾ ಖಾತೆಗೇ ಬರೆದುಬಿಟ್ಟರು.

ಸೈಬೋರ್ಗ್ ಆಗಿದ್ದ ರೇ ಫಿಶರ್ ವಿಷಯ ಬೇರೆ, ಅದನ್ನು ಇದರಲ್ಲಿ ಕಲಸಬಾರದು. ಮರುಶೂಟಿಂಗ್ ವೇಳೆ ತಮ್ಮನ್ನು ಕೆಟ್ಟದಾಗಿ ನಡೆಸಿಕೊಂಡರು ಅಂತ ಅವರು 2020ರಲ್ಲಿ ದೂರಿದರು. ಅದರಲ್ಲಿದ್ದ ಒಬ್ಬರನ್ನು ಹಮಾಡಾ ಉಳಿಸೋಕೆ ನೋಡಿದರು ಅಂತಲೂ ಹೇಳಿದರು. ಕಂಪನಿ ಒಪ್ಪಲಿಲ್ಲ. ಹಮಾಡಾ ಇರೋ ಯಾವ ಸಿನಿಮಾದಲ್ಲೂ ಮಾಡೋದಿಲ್ಲ ಅಂತ ಫಿಶರ್ ಹೇಳಿಬಿಟ್ಟರು. ಇದು ಕಥೆ ಚೆನ್ನಾಗಿತ್ತೋ ಇಲ್ಲವೋ ಅನ್ನೋ ಪ್ರಶ್ನೆಯಲ್ಲ. ಈ ಕಾರಣಕ್ಕೆ ಹಮಾಡಾ ಬೇಡ ಅನ್ನೋರ ಜೊತೆ ನಾನು ಬಾಕ್ಸ್ ಆಫೀಸ್ ಲೆಕ್ಕ ಹಿಡಿದು ವಾದ ಮಾಡೋದಿಲ್ಲ.

ನನಗೆ ನಿಜವಾಗಿ ಸಿಟ್ಟು ಬರಿಸಿದ್ದು 'ಬ್ಯಾಟ್‌ಗರ್ಲ್'. ಸುಮಾರು 9 ಕೋಟಿ ಡಾಲರ್ ಹಾಕಿ ಶೂಟಿಂಗ್ ಮುಗಿಸಿದ್ದ ಸಿನಿಮಾ. ಎಡಿಟಿಂಗ್ ನಡೆಯುತ್ತಿತ್ತು. 2022ರ ಆಗಸ್ಟ್‌ನಲ್ಲಿ ಝಾಸ್ಲಾವ್ ಆಡಳಿತ ಅದನ್ನು ಎಲ್ಲೂ ಬಿಡೋದಿಲ್ಲ ಅಂತ ತೀರ್ಮಾನಿಸಿ, ತೆರಿಗೆ ಲೆಕ್ಕದಲ್ಲಿ ನಷ್ಟ ತೋರಿಸಿತು. ಇಬ್ಬರು ನಿರ್ದೇಶಕರಲ್ಲಿ ಒಬ್ಬರು, ಇರೋದನ್ನು ಫೋನಿನಲ್ಲಾದರೂ ಶೂಟ್ ಮಾಡಿಕೊಳ್ಳೋಣ ಅಂತ ಸರ್ವರ್ ತೆರೆದರಂತೆ. ಅಷ್ಟರಲ್ಲಿ ಎಲ್ಲ ಮಾಯ. ಇದನ್ನು ಅವರೇ ಆಮೇಲೆ ಸಂದರ್ಶನದಲ್ಲಿ ಹೇಳಿದರು. ನಮ್ಮಲ್ಲಿ ಬೀಗರ ಜಗಳದಲ್ಲಿ ದುಡ್ಡು ಬರದೇ ಉಳಿದ ಮದುವೆ ವಿಡಿಯೋನೂ ನಾನು ಹಾರ್ಡ್ ಡಿಸ್ಕಿನಿಂದ ಅಳಿಸಿಲ್ಲ. ಡಿಸಿಯ ಮುಖ್ಯಸ್ಥರಾಗಿದ್ದ ಹಮಾಡಾಗೇ ಈ ತೀರ್ಮಾನ ಮೊದಲು ತಿಳಿಸಿರಲಿಲ್ಲ, ಅವರು ಆಗಲೇ ರಾಜೀನಾಮೆಗೆ ಎದ್ದಿದ್ದರು, 'ಬ್ಲ್ಯಾಕ್ ಆಡಮ್' ಬರೋವರೆಗೆ ಇರಿ ಅಂತ ಕೂರಿಸಿದರು ಅಂತ ವರದಿಗಳು ಬಂದವು. ಅದು ನಿಜವಾದರೆ ಹಮಾಡಾ ಹೋಗಿದ್ದು ಅಕ್ಟೋಬರ್‌ನಲ್ಲಲ್ಲ, ಆ ಆಗಸ್ಟ್‌ನಲ್ಲೇ. ಉಳಿದದ್ದು ನೋಟಿಸ್ ಅವಧಿ.

ಗನ್ ಅವರ 'ಸೂಪರ್‌ಮ್ಯಾನ್' 2025ರ ಜುಲೈನಲ್ಲಿ ಬಂದು ಸುಮಾರು 61 ಕೋಟಿ ಡಾಲರ್ ಗಳಿಸಿತು. ಈಗ ಹುಡುಗರು ಗನ್ ಇರಬೇಕೋ ಹೋಗಬೇಕೋ ಅಂತ ಶುರುಮಾಡಿದ್ದಾರೆ. ನನ್ನ ಮಟ್ಟಿಗೆ ಗನ್‌ರನ್ನು ತೂಗೋಕೆ ಈ ಒಂದು ಸಿನಿಮಾ ಸಾಲದು. ಅವರು ಬೇಡ ಅಂದ ಸಿನಿಮಾಗಳೂ ಲೆಕ್ಕಕ್ಕೆ ಬರಬೇಕು. ಕಥೆ ಬರೆದು ಮುಗಿಯುವ ಮೊದಲು ಶೂಟಿಂಗ್‌ಗೆ ಬಿಡೋದಿಲ್ಲ ಅಂತ ಅವರೇ ಹೇಳಿದ್ದಾರೆ, ಅದನ್ನು ಎಷ್ಟು ವರ್ಷ ನಡೆಸುತ್ತಾರೆ ನೋಡಬೇಕು. ಮೇಲಿನವರು ಅಷ್ಟು ದಿನ ಬಿಡುತ್ತಾರೋ ಇಲ್ಲವೋ ಅದು ಬೇರೆ ಮಾತು. ಇದರ ಮೇಲೂ ವಾದ ಮಾಡಬೇಕು ಅನ್ನೋರು ಸಂಜೆ ಅಂಗಡಿಗೆ ಬನ್ನಿ. ಭಜಿ ತಂದರೆ ಕೀಬೋರ್ಡ್‌ನಿಂದ ದೂರ ಇಡಿ, ಅಷ್ಟೇ.